ವರ್ಲೀನ್ ತೆಗೆಯದ ಆರನೇ ಅಧ್ಯಾಯ

ಶನಿವಾರ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ನಮ್ಮ ಮೇಕನ್ ಊರಿನಲ್ಲಿ ವರ್ಲೀನ್ ಟೇಟಮ್ ಅವರ ಜಡೆ ಹೆಣೆಯುವ ಅಂಗಡಿಯ ಮುಂದೆ ಆಗಲೇ ಹೆಂಗಸರು ಕಾಯುತ್ತಿದ್ದಾರೆ. ಭಾನುವಾರ ಕೆದರಿದ ತಲೆಯಲ್ಲಿ ಚರ್ಚಿಗೆ ಹೋಗುವುದುಂಟೇ? ಒಂದು ತಲೆ ಹೆಣೆಯಲು ಅರ್ಧ ದಿನ ಬೇಕು. ಕೈಗೆ ಬಿಡುವಿಲ್ಲದ ವರ್ಲೀನ್ ತಮ್ಮ ಕಾದಂಬರಿಯನ್ನು ತಿದ್ದುವುದೂ ಇಲ್ಲೇ. ಕುರ್ಚಿಯಲ್ಲಿ ಕೂತವರು ಹಾಳೆ ಹಿಡಿದು ಗಟ್ಟಿಯಾಗಿ ಓದಬೇಕು, ಕಾಯುವವರು ತಪ್ಪು ಹೇಳಬೇಕು. ಅದು ಅಂಗಡಿಯ ಕಟ್ಟಳೆ.

"ಹೋದ ವಾರ ನನ್ನ ಕ್ಲೀಯೋ ನೆಂಟರಿಗೆ ತಣ್ಣನೆ ಮೆಕ್ಕೆಜೋಳದ ಬ್ರೆಡ್ಡು ಬಡಿಸಿಬಿಟ್ಟಿದ್ಲು. ಇವರೆಲ್ಲ ಸೇರಿ ನನ್ನ ಮಾನ ಕಳೆದ್ರು" ಎಂದು ವರ್ಲೀನ್ ನಗುತ್ತಾರೆ.

ಕ್ಲೀಯೋ ಕಾದಂಬರಿಯ ನಾಯಕಿ, ಚರ್ಚಿನ ಅಡುಗೆಯವಳು. ಆರನೇ ಅಧ್ಯಾಯದಲ್ಲಿ ಚರ್ಚಿನ ಹಿರಿಯನೊಬ್ಬ ಅವಳ ಸೊಂಟಕ್ಕೆ ಕೈಹಾಕುತ್ತಾನೆ, ಅವಳು ಸೌಟಿನಿಂದ ಬಾರಿಸುತ್ತಾಳೆ.

ನ್ಯೂಯಾರ್ಕಿನ ಪ್ರಕಾಶಕಿಗೆ ಇದು ಸಾಲದು. ಕ್ಲೀಯೋಳ ತಂದೆಯನ್ನು ಜೈಲಿಗೆ ಹಾಕಿಬಿಡಿ, ಇಷ್ಟು ನಗುವ ಕಪ್ಪು ಕುಟುಂಬವನ್ನು ಓದುಗರು ನಂಬುವುದಿಲ್ಲ ಎಂದು ಆಕೆ ಫೋನಿನಲ್ಲಿ ಉಪದೇಶಿಸಿದ್ದಾರೆ. "ಕ್ಲೀಯೋ ಅಪ್ಪ ಅಂದ್ರೆ ನಮ್ಮಪ್ಪನೇ. ಸಾಯೋವರೆಗೂ ಊರಿಗೆಲ್ಲ ಅಂಚೆ ಹಂಚಿದ್ರು. ಅವ್ರನ್ನ ಜೈಲಿಗೆ ಹಾಕಕ್ಕೆ ನಾನ್ಯಾರು?" ಅನ್ನುತ್ತಾರೆ ವರ್ಲೀನ್.

ಊರಿನ ನಮ್ಮದೇ ಕಪ್ಪು ಲೇಖಕರ ಕೂಟ ಪುಸ್ತಕ ಅಚ್ಚು ಹಾಕಲು ಸಿದ್ಧ, ಆದರೆ ಆರನೇ ಅಧ್ಯಾಯ ಇರಕೂಡದು. "ಸಿಸ್ಟರ್, ಬಿಳಿಯರ ಮುಂದೆ ನಮ್ಮ ಗಂಡಸರ ಮಾನ ಹರಾಜು ಹಾಕ್ತೀರಾ?" ಎಂದು ಕೇಳಿದ ಅಧ್ಯಕ್ಷರು ಅದೇ ಉಸಿರಿನಲ್ಲಿ, "ಮುಂದಿನ ಸಭೆಗೆ ಆಲೂಗಡ್ಡೆ ಸಲಾಡ್ ತರ್ತೀರಲ್ವಾ?" ಅಂದರಂತೆ. ಅತ್ತ ದರಿ, ಇತ್ತ ಪುಲಿ. ಕೇಳಿ ಕೇಳಿ ನನಗೇ ತಲೆ ಚಿಟ್ಟು ಹಿಡಿದಿದೆ. ಗಂಡಸರ ಮಾನ ಕಾಯುವ ಗುತ್ತಿಗೆಯನ್ನು ಹೆಂಗಸರಿಗೆ ಕೊಟ್ಟವರು ಯಾರು?

ಇಂದು ಕುರ್ಚಿಯಲ್ಲಿರುವವರು ಚರ್ಚಿನಲ್ಲಿ ಹಾಡುವ ಹಿರಿಯ ಹೆಂಗಸು. ಪತ್ರಿಕೆಯಲ್ಲಿ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

"ದೊಡ್ಡೋಳಾಗಿ ಹೇಳ್ತೀನಿ ಮಗಳೇ, ಆ ಅಧ್ಯಾಯ ತೆಗೆದುಬಿಡು. ಊರೆಲ್ಲ ಬೈತಿದೆ."

"ಮೊದಲು ಓದಿ ಮ್ಯಾಮ್. ಕುರ್ಚೀಲಿ ಕೂತಿದ್ದೀರಿ."

ಕನ್ನಡಕ ಏರಿಸಿ ಅವರು ಓದತೊಡಗುತ್ತಾರೆ. ಆ ಕೈ ಸೊಂಟಕ್ಕೆ ಬರುವಲ್ಲಿ ದನಿ ನಿಧಾನವಾಗುತ್ತದೆ, ಆದರೂ ಕೊನೆಯವರೆಗೆ ಓದುತ್ತಾರೆ. ಕಾಯುವವರಲ್ಲಿ ಯಾರೂ ತಪ್ಪು ಹೇಳುವುದಿಲ್ಲ.

"ಒಂದು ತಪ್ಪಿದೆ" ಎಂದು ಅವರೇ ಅನ್ನುತ್ತಾರೆ. "ಸೌಟಲ್ಲಿ ಹೊಡೆದ್ಲು ಅಂತ ಬರ್ದಿದ್ದೀಯ. ನಾನು ಹೊಡೀಲಿಲ್ಲ. ಪಾತ್ರೆ ತೊಳೀತಾನೇ ನಿಂತಿದ್ದೆ."

ವರ್ಲೀನ್ ಅವರ ಬೆರಳುಗಳು ನಿಲ್ಲುತ್ತವೆ. "ತಿದ್ಲಾ ಮ್ಯಾಮ್?"

"ಬೇಡ. ಅವಳಾದ್ರೂ ಹೊಡೀಲಿ."