ಎಣ್ಣೆ ಕೊಡುತ್ತಿದ್ದ ಕಾರು

ನಾನು ಸೊಸೆಯಾಗಿ ಶಲವಡಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಮಾವನವರ ಬಳಿ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಮಾವ ಅದನ್ನು ದಿನಾ ಮನೆಯಿಂದ ಹೊಲಕ್ಕೆ, ಹೊಲದಿಂದ ಮನೆಗೆ ಓಡಿಸುತ್ತಿದ್ದರು. ನಡೆದು ಹೊರಟವರು ಅವರಿಗಿಂತ ಮೊದಲು ಮುಟ್ಟುತ್ತಿದ್ದರು. ದಾರಿಯಲ್ಲಿ ಕಂಡವರ ಮುಂದೆಲ್ಲ ಕಾರು ನಿಲ್ಲಿಸಿ ಅದರ ಗುಣಗಾನ ಮಾಡಬೇಕಿತ್ತಲ್ಲ!

ಅದರ ದೊಡ್ಡ ಗುಣವೆಂದರೆ ಅದು ಎಣ್ಣೆ ಕೊಡುತ್ತಿತ್ತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಮಾವ ಬಾನೆಟ್ ಎತ್ತಿ, ಎಂಜಿನ್ ಎಣ್ಣೆ ಅಳೆಯುವ ಕಡ್ಡಿ ಹೊರಗೆಳೆಯುತ್ತಿದ್ದರು. ಊರವರ ಗಾಡಿಗಳಲ್ಲಿ ಎಣ್ಣೆ ಇಳಿದರೆ ನಮ್ಮದರಲ್ಲಿ ಏರುತ್ತಿತ್ತು.

"ಮಂದೀ ಗಾಡಿ ಎಣ್ಣಿ ಕುಡೀತಾವು. ನಮ್ಮದು ಹೈನದ ಎಮ್ಮಿ ಇದ್ದಂಗ, ಎಣ್ಣಿ ಕೊಡತೈತಿ!" ಎಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಎಣ್ಣೆ ಕಡ್ಡಿಯ ಮೇಲಿನ ಗೆರೆ ದಾಟಿತೆಂದರೆ ಕಾರಿನ ಕೆಳಗೆ ತೂರಿ, ತಿರುಪು ಸಡಿಲಿಸಿ, ಹಾಲು ಹಿಂಡಿದಂತೆ ತಂಬಿಗೆ ತುಂಬ ಕರೆದುಕೊಳ್ಳುತ್ತಿದ್ದರು. ಚಕ್ಕಡಿಯ ಅಚ್ಚಿಗೆ ಹಾಕಲು ಅಕ್ಕಪಕ್ಕದವರು ಗಿಂಡಿ ಹಿಡಿದು ಬರುತ್ತಿದ್ದರು. ಆ ಎಣ್ಣೆ ಹಾಕಿದ ಮೇಲೆ ಚಕ್ಕಡಿಗಳು ಮೊದಲಿಗಿಂತ ಜೋರಾಗಿ ಕಿರುಚುತ್ತಿದ್ದವು. ಬಿಟ್ಟಿ ಸಿಕ್ಕದ್ದಕ್ಕೆ ಹೆಸರಿಡುವುದು ಹೇಗೆಂದು ಯಾರೂ ಬಾಯಿ ಬಿಡಲಿಲ್ಲ. ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಇಡೀ ಓಣಿ ಬೆರಗಾಗಿತ್ತು. ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ನನಗೆ ಗೊತ್ತಾದದ್ದು ಒಲೆಯ ಮುಂದೆ. ಮಳೆಗೆ ಹಸಿಯಾದ ಹತ್ತಿಕಟ್ಟಿಗೆ ಹೊತ್ತಿಕೊಳ್ಳಲಿ ಎಂದು ಆ ಎಣ್ಣೆಯನ್ನು ಒಂದು ಚಮಚೆ ಸುರಿದೆ. ಭಪ್ಪೆಂದು ಎದ್ದ ಉರಿ ನನ್ನ ಒಂದು ಹುಬ್ಬನ್ನು ಒಯ್ದಿತು. ಅತ್ತೆ ಕಾಡಿಗೆಯಿಂದ ಬೇರೊಂದು ಹುಬ್ಬು ಬರೆದರು, ಅದೂ ತುಸು ಮೇಲೆ. ನಾಲ್ಕಾರು ವಾರ ನಾನು ಎಲ್ಲದಕ್ಕೂ ಆಶ್ಚರ್ಯಪಡುವವಳಂತೆ ಕಾಣುತ್ತಿದ್ದೆ.

ಎಣ್ಣೆ ಹಾಗೆ ಉರಿಯುವುದಿಲ್ಲ, ಪೆಟ್ರೋಲ್ ಉರಿಯುತ್ತದೆ. ಕಾರಿನೊಳಗೆ ಹಣಿಕಿ ನೋಡಿದೆ. ತಣ್ಣಗಿರುವ ಎಂಜಿನ್ ಚಾಲೂ ಮಾಡುವಾಗ ಪೆಟ್ರೋಲ್ ಹೆಚ್ಚು ಹೋಗಲೆಂದು ಎಳೆಯುವ ಚೋಕ್ ಗುಂಡಿಯನ್ನು ಮಾವ ಪೂರ್ತಿ ಹೊರಗೆಳೆದು, ಗೂಟ ಮಾಡಿಕೊಂಡು, ಅದಕ್ಕೆ ಎಲೆ ಅಡಿಕೆಯ ಚೀಲ ತೂಗುಹಾಕಿದ್ದರು! ಚಾಲೂ ಆದ ಕೂಡಲೇ ಅದನ್ನು ಒಳಗೆ ತಳ್ಳಬೇಕು. ಕುಬಿಹಾಳದ ನನ್ನ ತವರಿನಲ್ಲಿ ಅಪ್ಪನ ಮೋಟರ್ ಸೈಕಲ್ ಇದ್ದದ್ದರಿಂದ ಇಷ್ಟು ನನಗೆ ಗೊತ್ತಿತ್ತು. ತಳ್ಳದಿದ್ದರೆ ಉರಿಯದೆ ಉಳಿದ ಪೆಟ್ರೋಲ್ ಕೆಳಗಿಳಿದು ಎಣ್ಣೆಗೆ ಸೇರುತ್ತದೆ. ಹೊಲದ ತನಕ ಹೋಗಿ ಬರುವಷ್ಟರಲ್ಲಿ ಎಂಜಿನ್ ಸರಿಯಾಗಿ ಕಾಯುವುದೂ ಇಲ್ಲ, ಆ ಪೆಟ್ರೋಲ್ ಆವಿಯಾಗಿ ಹಾರಿಹೋಗುವುದೂ ಇಲ್ಲ. ಎಣ್ಣೆ ಏರುತ್ತದೆ, ಆದರೆ ಜಿಡ್ಡು ಹೋಗಿ ನೀರಾಗುತ್ತದೆ.

ಇದನ್ನು ಮಾವನಿಗೆ ಹೇಳುವುದು ಹೇಗೆ? ಆ ಮನೆಯಲ್ಲಿ ಸೊಸೆ ಮಾವನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಹೇಳುವುದೇನಿದ್ದರೂ ಅತ್ತೆಯ ಮೂಲಕ. ಮಾವ ಎದುರಿಗೇ ಕೂತಿದ್ದರೂ ನಾನು ಸೆರಗು ಎಳೆದುಕೊಂಡು ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು.

"ಅತ್ತೀ, ಎಣ್ಣ್ಯಾಗ ಪೆಟ್ರೋಲ್ ಕೂಡೇತಿ. ಆ ಚೀಲ ಬ್ಯಾರೆ ಕಡೆ ಹಾಕ್ರಿ ಅಂತ ಹೇಳ್ರಿ," ಎಂದೆ.

ಅತ್ತೆ ಗಂಡನ ಮುಖ ನೋಡಿದರು. ಅಷ್ಟು ಸಂತೋಷದ ಮುಖವನ್ನು ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ. "ಕಾರ್ ಭಾಳ ಛಲೋ ಐತಿ ಅಂತಾಳ್ರಿ," ಎಂದರು.

"ಓದಿದ ಹುಡುಗಿ, ತಿಳೀತೈತಿ," ಎಂದು ಮಾವ ಹಿಗ್ಗಿದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಓದಿದ ಹುಡುಗಿಗೆ ಬಿ.ಎ.ಯ ಒಂದು ಪೇಪರ್ ಇನ್ನೂ ಬಾಕಿ ಇತ್ತು. ಮದುವೆಯ ಗಡಿಬಿಡಿಯಲ್ಲಿ ತಪ್ಪಿದ್ದು. ಒಂದು ಸಲ ಬರೆಯಲಿ, ಆಗದಿದ್ದರೆ ಮತ್ತೆ ಓದಿನ ಸುದ್ದಿ ಎತ್ತಕೂಡದು ಎಂದು ಹಿರಿಯರು ಮೊದಲೇ ಕರಾರು ಹಾಕಿದ್ದರು. ನನ್ನ ಗಂಡನಿಗೆ ವಿಜಾಪುರದ ಕಡೆ ನೌಕರಿ. ಪರೀಕ್ಷೆಯ ದಿನ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುವುದೆಂದು ನಾನು ತಯಾರಾದರೆ, ಮಾವ ಕಾರಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಪದ್ಧತಿಯಂತೆ ಅತ್ತೆಯೂ ಹೊರಟರು, ಮಾತು ಮುಟ್ಟಿಸಬೇಕಲ್ಲ!

ಅಣ್ಣಿಗೇರಿ ದಾಟುವಷ್ಟರಲ್ಲಿ ಬಿಸಿಲು ಏರಿತ್ತು. ಆ ಕಾರು ಅಷ್ಟು ದೂರ ಬಂದದ್ದು ಅದೇ ಮೊದಲು. ಸ್ಟೀರಿಂಗ್ ಚಕ್ರದ ಮುಂದಿನ ಹಲಗೆಯಲ್ಲಿ ಎಣ್ಣೆಯ ಎಚ್ಚರಿಕೆಯ ಕೆಂಪು ದೀಪ ಹೊತ್ತಿತು.

"ನೋಡ ಬೇ, ತಾನ ದೀಪಾ ಹಚ್ಚಿಕೊಂತು," ಎಂದರು ಮಾವ, ಹಿಂದೆ ನನ್ನ ಬಾಜು ಕೂತ ಅತ್ತೆಗೆ. ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಷ್ಟರಲ್ಲಿ ಎಂಜಿನ್ ಒಳಗೆ ಟಕಟಕ ಶುರುವಾಯಿತು. ನಾನು ಅತ್ತೆಯನ್ನು ಅಲುಗಾಡಿಸಿ, "ಎಣ್ಣಿ ಕೈ ಕೊಟ್ಟೈತಿ, ನಿಂದ್ರಸಬೇಕಂತ ಹೇಳ್ರಿ," ಎಂದೆ.

ಅತ್ತೆ ನಿದ್ದೆಗಣ್ಣಿನಲ್ಲೇ, "ಅಕೀಗೆ ಚಾ ಬೇಕಂತ್ರಿ," ಎಂದರು.

"ಹುಬ್ಬಳ್ಳ್ಯಾಗ ಕುಡಿಯೂಣು," ಎಂದು ಮಾವ ಇನ್ನೂ ಜೋರಾಗಿ ಬಿಟ್ಟರು.

"ಮಾವಾರ! ಗಾಡಿ ನಿಂದ್ರಸ್ರಿ!"

ನನ್ನ ಗಂಟಲಿನಿಂದಲೇ ಬಂದ ಕೂಗು ಅದು. ಮಾವ ಗಾಬರಿಯಾಗಿ ಎರಡೂ ಕಾಲಿನಿಂದ ಬ್ರೇಕ್ ಒತ್ತಿದರು. ಹಾರದ ಚೆಂಡುಹೂಗಳು ರಸ್ತೆ ತುಂಬ ಚೆಲ್ಲಿಬಿದ್ದವು. ಬಾಯಿ ತೆರೆದ ಮೇಲೆ ಇನ್ನು ಮಾತು ನಿಲ್ಲಿಸಿ ಪ್ರಯೋಜನವಿಲ್ಲವೆಂದು ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ, ಚೀಲ, ಚೋಕ್, ಪೆಟ್ರೋಲ್, ಎಲ್ಲ. ಮಾವ ಹೊಲದ ಕಡೆ ಮುಖ ಮಾಡಿ ಕೇಳಿಸಿಕೊಂಡರು. ಕಡ್ಡಿ ಎಳೆದು, ಬೆರಳಿಗೆ ಹಚ್ಚಿ ಮೂಸಿದರು. ಅವರ ಮೋರೆ ಸಣ್ಣದಾಯಿತು. ನನಗೆ ಅಯ್ಯೋ ಅನ್ನಿಸಿತು, ಅದಕ್ಕಿಂತ ಹೆಚ್ಚಾಗಿ ಪರೀಕ್ಷೆ ತಪ್ಪುತ್ತದೆಂದು ಅಳು ಬಂತು.

ದೂರದಲ್ಲಿ ಬಸ್ಸು ಕಂಡಿತು. ಮಾವ ರುಮಾಲು ಬಿಚ್ಚಿ ಬೀಸುತ್ತ ನಡುರಸ್ತೆಯಲ್ಲಿ ನಿಂತರು. ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರ್, "ಒಬ್ಬರಿಗಷ್ಟ ಜಾಗಾ ಐತ್ರಿ!" ಎಂದ.

"ಮನೀ ಸೊಸಿ ಒಬ್ಬಾಕೀನ ಹೆಂಗ ಹೋಗತಾಳ್ರಿ?" ಅತ್ತೆ ನನ್ನ ಸೆರಗು ಹಿಡಿದರು.

ಮಾವ ಸೆರಗು ಬಿಡಿಸಿದರು. "ಹತ್ತ ಯವ್ವಾ," ಎಂದರು, ನನ್ನ ಕಡೆ ನೋಡಿಯೇ. ಹತ್ತಿದೆ.

ಪರೀಕ್ಷೆಯ ಗಂಟೆ ಬಾರಿಸುವಾಗ ಕಾಲೇಜಿನೊಳಗೆ ಓಡಿಹೋಗಿ ಕೂತೆ, ಬರೆದೆ. ಸಂಜೆ ಹೊರಗೆ ಬಂದರೆ ಗೇಟಿನ ಬಳಿ ಅರಳೆಯ ಲಾರಿಯಿಂದ ಇಳಿದ ಮಾವ, ಅತ್ತೆ ಇಬ್ಬರೂ ತಲೆತುಂಬ ಅರಳೆ ಹಚ್ಚಿಕೊಂಡು ನಿಂತಿದ್ದರು.

"ಪೇಪರ್ ಹೆಂಗಾತು?" ಎಂದರು ಮಾವ.

"ಪೇಪರ್ ಹೆಂಗಾತಂತ ಕೇಳ್ತಾರ," ಎಂದರು ಅತ್ತೆ.

"ನೀ ಸುಮ್ಮನಿರ ಬೇ," ಎಂದರು ಮಾವ. "ಅಕೀ ನನಗ ಹೇಳಲಿ."