ಇಲಿಯ ಕೆಳಗಿದ್ದವಳು

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಪರದೆಯಕ್ಕ ಎನ್ನುತ್ತಿದ್ದರು. ಕಿಟಕಿ ಪರದೆ ಹೊಲಿಯುವುದು ಅವಳ ಕೆಲಸ. ಬಲಗೈಯನ್ನು ಭುಜದಿಂದ ಮೇಲೆತ್ತಿದರೆ ಜೀವ ಹೋದಂತಾಗುತ್ತಿತ್ತು. ಆಗದೆ ಏನು? ಹರೆಯವನ್ನೆಲ್ಲ ಅವಳು ಟಿವಿಯವರ ಸ್ಟುಡಿಯೋದಲ್ಲಿ ಒಂದು ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕೈ ಮೇಲೆತ್ತಿ, ಬೊಂಬೆ ಇಲಿಯನ್ನು ಕುಣಿಸುತ್ತ ಕಳೆದಿದ್ದಳು.

ಇಲಿಯ ಹೆಸರು ಚೂಪುಮೂತಿ. ತನ್ನದೇ ಹಳೇ ಸ್ವೆಟರಿನ ತೋಳು ಕತ್ತರಿಸಿ ಹೊಲಿದಿದ್ದಳು, ದನಿಯೂ ಅವಳದೇ. ಬೆಕ್ಕಿಗೆ ಹೆದರುವ ಚೂಪುಮೂತಿ ಬಿಲದಿಂದ ಇಣುಕಿ, “ಇಲ್ಲಿ ಯಾರಾದ್ರೂ ಇದಾರಾ, ಮಕ್ಕಳೇ?” ಎಂದು ಕೇಳುವುದು, ಮನೆಮನೆಯ ಮಕ್ಕಳು ಟಿವಿ ಮುಂದೆ ಕುಪ್ಪಳಿಸಿ “ಯಾರೂ ಇಲ್ಲ!” ಎಂದು ಕಿರುಚುವುದು. ಆಮೇಲೆ ಕಾರ್ಟೂನುಗಳು ಬಂದವು. ಅದೇ ಮಕ್ಕಳು ಹಿಂದೆಮುಂದೆ ನೋಡದೆ ಆ ಕಡೆ ವಾಲಿಬಿಟ್ಟರು. ಕೃತಘ್ನರು! ಅವಳ ಕೆಲಸ ಹೋಯಿತು. ಇಲಿಯನ್ನೂ ಸ್ಟುಡಿಯೋದವರೇ ಇಟ್ಟುಕೊಂಡರು.

ಈಗ ಆ ಮಕ್ಕಳಿಗೆ ಬೊಜ್ಜು ಬಂದು, ತಲೆ ಬೋಳಾಗಿ, ಬಾಲ್ಯದ ಹುಚ್ಚು ಹತ್ತಿದೆ. ಸ್ಟುಡಿಯೋದ ಗೋದಾಮಿನಿಂದ ಇಲಿಯನ್ನು ತಂದು, ಅದರ ಹೆಸರಿನಲ್ಲಿ ಸಂಘ ಬೇರೆ ಕಟ್ಟಿಕೊಂಡಿದ್ದಾರೆ. ಸಂಘದ ಅಧ್ಯಕ್ಷ ಒಬ್ಬ ಬ್ಯಾಂಕ್ ಮ್ಯಾನೇಜರು. ಇಲಿಯ ಗಾಜಿನ ಪೆಟ್ಟಿಗೆಗೆ ಪುಟ್ಟ ಪರದೆ ಹೊಲಿಸಲು ಅವಳ ಅಂಗಡಿಗೇ ಬಂದ. ಫೋನಿನಲ್ಲಿ ಇಲಿಯ ಚಿತ್ರ ತೋರಿಸುತ್ತ ಕಣ್ಣೊರೆಸಿಕೊಂಡ.

“ಇದನ್ನ ಆಡಿಸ್ತಿದ್ದೋರು ಯಾರು ಸಾರ್?” ಎಂದು ಕೇಳಿದಳು.

“ಯಾರೋ ಇದ್ದಿರ್ಬೇಕಮ್ಮ. ಅದನ್ನೆಲ್ಲ ಯಾರು ತಲೆಗೆ ಹಚ್ಕೋತಾರೆ?”

ಅವಳ ಮೈ ಉರಿದುಹೋಯಿತು. “ನಾನೇ,” ಎಂದಳು, ಇಲಿಯ ದನಿಯಲ್ಲಿ.

ಮ್ಯಾನೇಜರು ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತ. “ಅಯ್ಯೋ ಪುಣ್ಯಾತ್ಗಿತ್ತಿ! ಸಭೆಗೆ ಬಂದ್ಬಿಡಿ. ಮೇಜಿನ ಕೆಳಗೆ ಕೂತ್ಕೊಂಡು ಒಂದ್ಸಲ ಮಾತಾಡಿಸಿ. ನೀವು ಕಾಣಿಸ್ಕೊಂಡ್ರೆ ಮಜಾ ಇರಲ್ಲ, ಅಷ್ಟೇ.”

“ನಿಂತ್ಕೊಂಡೇ ಆಡಿಸ್ತೀನಿ. ಇಲ್ಲಾಂದ್ರೆ ಬರಲ್ಲ.”

ಮ್ಯಾನೇಜರು ಒಪ್ಪಿದ. ಅವಳಿಗೆ ಬೇಕಾಗಿದ್ದುದು ಅದೊಂದೇ. ಆ ಮಂದಿಯ ಕಣ್ಣೆದುರು ಒಂದು ಸಲ ನೆಟ್ಟಗೆ ನಿಂತು, ಚೂಪುಮೂತಿಯ ಬಾಯಲ್ಲೇ “ನನ್ನನ್ನು ಆಡಿಸಿದವಳು ಇವಳು” ಎಂದು ಹೇಳಿಸಬೇಕು. ಹೊಲಿಗೆ ಯಂತ್ರದ ಮುಂದೆ ಕೂತು ದಿನವೂ ಆ ಮಾತನ್ನು ಬಾಯಿಪಾಠ ಮಾಡಿದಳು.

ಸಭೆಯಲ್ಲಿ ಇಲಿಗೆ ಮೆತ್ತನೆಯ ಕುರ್ಚಿ, ಅವಳಿಗೆ ಗೋಡೆ ಬದಿಯ ಸ್ಟೂಲು. ಕರೆದಾಗ ಎದ್ದು ಹೋಗಿ ಇಲಿಯನ್ನು ಎತ್ತಿಕೊಂಡಳು. ಬುಡ ತಡಕಿದಳು. ಕೈ ತೂರಿಸುವ ಬಾಯೇ ಇಲ್ಲ! ಹೊಟ್ಟೆಗೆ ಹತ್ತಿ ತುಂಬಿ, ಬುಡವನ್ನು ಒತ್ತೊತ್ತಾಗಿ ಹೊಲಿದುಬಿಟ್ಟಿದ್ದರು.

“ಇದೇನ್ ಮಾಡಿದೀರಿ?”

“ರಿಪೇರಿ!” ಎಂದ ಮ್ಯಾನೇಜರು, ಹೆಮ್ಮೆಯಿಂದ. “ಕೆಳಗಡೆ ಹರಿದುಹೋಗಿತ್ತಮ್ಮ, ದೊಡ್ಡ ತೂತು.”

ದೊಡ್ಡ ತೂತಂತೆ! ಎಷ್ಟೋ ವರ್ಷ ಅವಳ ಕೈ ಬದುಕಿದ್ದ ಜಾಗ ಅದು. ಚೀಲದಿಂದ ಕತ್ತರಿ ತೆಗೆದಳು. ಹೊಲಿಗೆ ಪರಪರ ಬಿಚ್ಚಿತು. ಸಭೆ ಗೊಳೋ ಎಂದಿತು, ಮೀಸೆ ಹೊತ್ತ ಗಂಡಸೊಬ್ಬ “ಬೇಡ, ನೋವಾಗುತ್ತೆ!” ಎಂದು ಕೂಗಿಯೇಬಿಟ್ಟ. ಅವಳ ಭುಜದ ನೋವು ಕೇಳುವವರು ಯಾರೂ ಇರಲಿಲ್ಲ. ಹತ್ತಿಯನ್ನೆಲ್ಲ ಕಿತ್ತು ಮೇಜಿನ ಮೇಲೆ ಹಾಕಿ, ಕೈ ತೂರಿಸಿ, ಹಲ್ಲುಕಚ್ಚಿ ಮೇಲೆತ್ತಿದಳು. ಮೂತಿ ಅಲ್ಲಾಡಿತು. ಸಭೆ ಕುರ್ಚಿಯ ಅಂಚಿಗೆ ಸರಿಯಿತು.

ಬಾಯಿಪಾಠ ಮಾಡಿದ್ದ ಮಾತು ನಾಲಿಗೆಗೆ ಬರಲಿಲ್ಲ. ಕೈ ಒಳಗೆ ಹೋದದ್ದೇ ತಡ, ಹಳೇ ಅಭ್ಯಾಸವೇ ಬಾಯಿ ತೆರೆಸಿತು.

“ಇಲ್ಲಿ ಯಾರಾದ್ರೂ ಇದಾರಾ, ಮಕ್ಕಳೇ?”

ಕಣ್ಣುಗಳೆಲ್ಲ ಇಲಿಯ ಮೇಲೆ. ಅದರ ಕೆಳಗೆ, ದೀಪದ ಬೆಳಕಿನಲ್ಲಿ, ಬೆವೆತ ಮುಖ ಹೊತ್ತು ಅವಳು ನಿಂತಿದ್ದಳು. ಇಡೀ ಸಭೆ ಒಂದೇ ಗಂಟಲಲ್ಲಿ, ಹಿರಿಹಿರಿ ಹಿಗ್ಗುತ್ತ ಕಿರುಚಿತು: “ಯಾರೂ ಇಲ್ಲ!”

ಕೈ ತಾನಾಗಿ ಇಳಿಯಿತು. ಇಲಿಯನ್ನು ಕಳಚಿ ಹತ್ತಿಯ ಗುಡ್ಡೆಯ ಮೇಲೆ ಕುಕ್ಕಿ, ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡಳು.

“ತಗೊಳ್ಳಿ,” ಎಂದಳು ಮ್ಯಾನೇಜರಿಗೆ, ತನ್ನ ದನಿಯಲ್ಲೇ. “ತುಂಬ್ಕೊಳ್ಳಿ.”