ನಮ್ಮ ಮನೆಯ ಚಪ್ಪಡಿ

ನಮ್ಮೂರಲ್ಲಿ ಒಂದು ಸ್ಟೇಡಿಯಂ ಇದೆ ಎಂದರೆ ಕಂಪನಿ ಬಸ್ಸಿನಲ್ಲಿ ಪಕ್ಕ ಕೂರುವವರು ನಗುತ್ತಾರೆ. ಹೊಸೂರಿನ ಆಚೆ, ಬೇರಿಕೆಯಿಂದ ಇನ್ನೂ ಒಳಗಿರುವ, ರಾಗಿ ಬಿಟ್ಟರೆ ಟೊಮೇಟೊ, ಟೊಮೇಟೊ ಬಿಟ್ಟರೆ ರಾಗಿ ಬೆಳೆಯುವ ಊರಿಗೆ ಸ್ಟೇಡಿಯಂ ಯಾಕೆ ಬೇಕು ಅನ್ನುವುದು ಅವರ ಅನುಮಾನ. ಆದರೂ ಇದೆ. ಸರ್ಕಾರ ಕಟ್ಟಿದ್ದಲ್ಲ, ಯಾವ ಸಾಹುಕಾರನೂ ಕೊಟ್ಟಿದ್ದಲ್ಲ. ಮೊದಲು ಅದು ಊರಿಗೆಲ್ಲ ಸೇರಿದ ಕಣವಾಗಿತ್ತು. ರಾಗಿ ಒಕ್ಕಲು ಮಿಷನ್ನು ಬಂದ ಮೇಲೆ ಕಣ ಖಾಲಿ ಬಿತ್ತು. ಸೈಟು ಮಾಡುವವರ ಕಣ್ಣು ಬೀಳುವ ಮೊದಲೇ ಹಿರಿಯರು ಅದನ್ನು ಆಟದ ಮೈದಾನ ಮಾಡಿಬಿಟ್ಟರು. ಮನೆಗೊಂದು ಕಲ್ಲು ಚಪ್ಪಡಿ ತರಬೇಕೆಂದು ಮಾತಾಯಿತು. ನಮ್ಮ ಕಡೆ ಕಲ್ಲಿಗೇನು ಬರವಿಲ್ಲ. ಎಲ್ಲರೂ ತಂದು ಹಾಕಿದರು, ಮೈದಾನದ ಒಂದು ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗವಾಯಿತು. ಯಾವ ಚಪ್ಪಡಿ ಯಾವ ಮನೆಯದು ಎಂದು ಇವತ್ತಿಗೂ ಎಲ್ಲರಿಗೂ ಗೊತ್ತು.

ಮೈದಾನದ ಬಗ್ಗೆ ಏನಾದರೂ ತೀರ್ಮಾನ ಆಗಬೇಕಿದ್ದರೂ ಅಲ್ಲೇ. ಮನೆಗೊಬ್ಬರು ಬಂದು ತಮ್ಮ ಚಪ್ಪಡಿಯ ಮೇಲೆ ಕೂರುತ್ತಾರೆ. ಇರುವುದು ಬದಲಾಗಲಿ ಅನ್ನುವವರು ಎದ್ದು ನಿಲ್ಲಬೇಕು. ಇದ್ದ ಹಾಗೇ ಇರಲಿ ಅನ್ನುವವರು ಕೂತೇ ಇರಬೇಕು. ಅಪ್ಪ ತೀರಿಕೊಂಡ ಮೇಲೆ ನಮ್ಮ ಚಪ್ಪಡಿಯ ಮೇಲೆ ಕೂರುವವಳು ಅಮ್ಮ.

ಅಮ್ಮನಿಗೆ ಮಂಡಿ ನೋವು. ಕೂತರೆ ಏಳುವುದಕ್ಕೆ ಯಾರಾದರೂ ಬೇಕು, ಆ ಯಾರಾದರೂ ಯಾವಾಗಲೂ ನಾನೇ. "ಕೈ ಕೊಡೇ" ಅನ್ನುತ್ತಾಳೆ, ನಾನು ಎಲ್ಲಿದ್ದರೂ ಹೋಗಿ ಎಬ್ಬಿಸುತ್ತೇನೆ. ಹಸುವಿನ ಹಾಲು ಕರೆದ ಮೇಲೆ, ಊಟವಾದ ಮೇಲೆ, ದೇವರ ಮುಂದೆ ದೀಪ ಹಚ್ಚಿದ ಮೇಲೆ. ಇದು ನಮ್ಮ ಮನೆಯಲ್ಲಿ ಉಸಿರಾಡಿದಷ್ಟೇ ಮಾಮೂಲು.

ಮೈದಾನದಲ್ಲಿ ಮೊದಲು ಹುಡುಗರ ಫುಟ್‌ಬಾಲ್ ಕ್ಲಬ್ಬು ಮಾತ್ರ ಇತ್ತು. ನಮ್ಮಣ್ಣ ಅದರ ಕ್ಯಾಪ್ಟನ್. ಆಮೇಲೆ ನಾವು ಬಂದೆವು. ತಮಿಳು ಶಾಲೆಯಲ್ಲಿ ನಮಗಿದ್ದ ಪಿ.ಟಿ. ಮಾಸ್ಟರು ಎಲ್ಲಿಂದಲೋ ರಗ್ಬಿ ಕಲಿತು ಬಂದು ಹುಡುಗಿಯರಿಗೆ ಕಲಿಸಿದ್ದರು. ಶಾಲೆ ಮುಗಿದರೂ ಆಟ ಬಿಡಲು ಮನಸ್ಸಾಗದೆ ಊರಲ್ಲೇ ಹುಡುಗಿಯರ ಕ್ಲಬ್ಬು ಕಟ್ಟಿಕೊಂಡೆವು. ಊರವರು ಅದಕ್ಕೆ ಮೊಟ್ಟೆ ಆಟ ಎಂದು ಹೆಸರಿಟ್ಟರು, ಚೆಂಡು ಮೊಟ್ಟೆಯ ಹಾಗಿರುತ್ತದಲ್ಲ, ಅದಕ್ಕೆ. "ಇವತ್ತು ಮೊಟ್ಟೆ ಇಟ್ಟಾಯ್ತಾ?" ಎಂದು ಕೇಳದ ಗಂಡಸರಿರಲಿಲ್ಲ. ಕೇಳಿದವರೇ ಸಂಜೆ ಬಂದು ತಮ್ಮ ಚಪ್ಪಡಿಯ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಎರಡು ಕ್ಲಬ್ಬೂ ಚೆನ್ನಾಗೇ ಹೊಂದಿಕೊಂಡಿದ್ದವು. ಒಂದು ಸಂಜೆ ಅವರದು, ಒಂದು ಸಂಜೆ ನಮ್ಮದು. ಸಾನಮಾವಿನ ಕಾಡಿನ ಕಡೆಯಿಂದ ಆನೆ ಇಳಿದಿದೆ ಎಂದರೆ ಇಬ್ಬರಿಗೂ ರಜೆ. ರಗ್ಬಿಗೆ ಗೋಲು ಕಂಬ ಮೇಲಕ್ಕೆ ಉದ್ದವಾಗಿ ಚಾಚಿಕೊಂಡಿರಬೇಕು. ಅವರ ತಂಡದ ವೆಲ್ಡರ್ ಹುಡುಗ ಫುಟ್‌ಬಾಲ್ ಕಂಬಗಳ ಮೇಲೆಯೇ ಉದ್ದ ಪೈಪು ಸಿಕ್ಕಿಸುವ ಹಾಗೆ ಮಾಡಿಕೊಟ್ಟ. ನಮ್ಮ ದಿನ ಪೈಪು ಏರುತ್ತಿತ್ತು, ಅವರ ದಿನ ಇಳಿಯುತ್ತಿತ್ತು. ಏರಿಸಲು ಏಣಿ ಹಿಡಿಯುತ್ತಿದ್ದವನು ನಮ್ಮಣ್ಣ. ನನಗೆ ಅವನ ಮೇಲೆ ಎಷ್ಟು ಹೆಮ್ಮೆ ಇತ್ತೆಂದು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಹೋದ ಮಳೆಗಾಲದಲ್ಲಿ ಫುಟ್‌ಬಾಲ್ ಹುಡುಗರು ಹೊಸೂರಿನ ಒಂದು ಪಂದ್ಯಾವಳಿಯಲ್ಲಿ ಗೆದ್ದು ಬಂದರು. ಗೆದ್ದದ್ದೇ ತಡ, ನೆಲದ ಮೇಲೆ ಅವರಿಗೆ ಇಲ್ಲದ ಕಾಳಜಿ ಹುಟ್ಟಿತು. ಹುಡುಗಿಯರು ಗುಂಪು ಕಟ್ಟಿ ತಳ್ಳಾಡಿ ನೆಲ ಕಿತ್ತುಹಾಕುತ್ತಾರೆ, ಚೆಂಡು ಸರಿಯಾಗಿ ಉರುಳುವುದಿಲ್ಲ, ಇನ್ನು ಮೈದಾನ ಒಂದೇ ಆಟಕ್ಕಿರಲಿ ಎಂದರು. ಕಿತ್ತ ನೆಲಕ್ಕೆ ಕೆಂಪು ಮಣ್ಣು ಹೊತ್ತು ತಂದು ತುಂಬುತ್ತಿದ್ದವರು ನಾವೇ ಎಂದು ಯಾರೂ ಹೇಳಲಿಲ್ಲ. ಹಿರಿಯರು ಕೈ ಚೆಲ್ಲಿದರು. ಭಾನುವಾರ ಬೆಳಿಗ್ಗೆ ಊರು ಕೂತು ತೀರ್ಮಾನ ಮಾಡಲಿ ಎಂದಾಯಿತು.

ಆ ವಾರ ನಾನು ಮೂಕಂಡಪಲ್ಲಿಯ ಫ್ಯಾಕ್ಟರಿ ಕೆಲಸದಿಂದ ಬಂದವಳೇ ಟಿಫನ್ ಬಾಕ್ಸು ಕೂಡ ತೊಳೆಯದೆ ಮನೆ ಮನೆಗೆ ಹೋಗುತ್ತಿದ್ದೆ. ನಾನು ಕೇಳುತ್ತಿದ್ದದ್ದು ಲೋಕದಲ್ಲೇ ಸುಲಭದ ಉಪಕಾರ.

"ನೀವೇನೂ ಮಾಡ್ಬ್ಯಾಡಿ ಅಜ್ಜಿ, ಸುಮ್ನೆ ಕೂತಿರಿ ಸಾಕು."

"ಕೂತಿರೋದು ತಾನೆ? ನಮ್ ಮೊಮ್ಮಗ್ಳೂ ಆ ಮೊಟ್ಟೆ ತಬ್ಕಂಡು ಓಡ್ತದೆ. ಯಾರ್ ಎಬ್ಬುಸ್ತಾರೋ ನೋಡೇಬುಡ್ತೀನಿ" ಎಂದಳು ಮೂಲೆ ಮನೆಯ ಅಜ್ಜಿ.

ತೆಲುಗಿನವರ ಮನೆಯಲ್ಲಿ ತೆಲುಗಲ್ಲಿ ಕೇಳಿದೆ, ತಮಿಳಿನವರ ಮನೆಯಲ್ಲಿ ತಮಿಳಲ್ಲಿ ಕೇಳಿದೆ. ಕಾಫಿ ಕುಡಿದು ಕುಡಿದು ಹೊಟ್ಟೆ ಕೆಟ್ಟಿತು. ಶುಕ್ರವಾರ ಸಂಜೆ ಬಂದಾಗ ಅಣ್ಣ ಜಗಲಿಯ ಮೇಲೆ ಕೂತು ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ. ಮಗ ಎಷ್ಟು ಒಳ್ಳೆಯವನಾದ ಅಂದುಕೊಂಡೆ. ಒಳಗೆ ಹೋಗುವಾಗ ಅವನನ್ನು ಕೆಣಕಿದೆ.

"ನಮ್ಮನೇಲೂ ಒಂದ್ ಸಲ ಕೇಳ್ಬುಡ್ಲಾ ಅಣ್ಣ?"

ಅವನು ತಲೆ ಎತ್ತಲಿಲ್ಲ. "ನಮ್ಮನೆ ಬುಡು. ಈ ಮಂಡಿ ಇಟ್ಕಂಡು ಅಮ್ಮ ಎದ್ ನಿಂತ್ಕತಾಳಾ? ಬೇರೆ ಮನೆಗೊಳ್ಗೆ ಹೋಗು, ಹೊತ್ತಾಯ್ತದೆ" ಎಂದ.

ಅಮ್ಮ ಇನ್ನೊಂದು ಕಾಲನ್ನು ಅವನತ್ತ ಚಾಚಿದಳು. ನಾನು ನಗುತ್ತಾ ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋದೆ.

ಭಾನುವಾರ ಎಲ್ಲರೂ ಬಂದು ಕೂತರು. ನಾವು ಹುಡುಗಿಯರು ಗೋಲು ಕಂಬದ ಹತ್ತಿರ ನಿಂತಿದ್ದೆವು, ಹುಡುಗರು ಆಚೆ ಕಂಬದ ಹತ್ತಿರ. ನಾನೇ ಅಮ್ಮನ ಕೈ ಹಿಡಿದು ಕರೆದುಕೊಂಡು ಬಂದು ನಮ್ಮ ಚಪ್ಪಡಿಯ ಮೇಲೆ ಕೂರಿಸಿದ್ದೆ, ಕಲ್ಲಿನ ಥಂಡಿ ತಾಗಬಾರದೆಂದು ಕೆಳಗೆ ಟವೆಲು ಹಾಸಿದ್ದೆ. ಹಿರಿಯರೊಬ್ಬರು ವಿಷಯ ಹೇಳಿ, ಫುಟ್‌ಬಾಲ್ ಒಂದೇ ಸಾಕು ಅನ್ನುವವರು ಏಳಬಹುದು ಎಂದರು. ಹುಡುಗರ ಅಪ್ಪಂದಿರು ಅಲ್ಲೊಬ್ಬರು ಇಲ್ಲೊಬ್ಬರು ಎದ್ದರು. ನನಗೆ ಭಯವೇನೂ ಆಗಲಿಲ್ಲ, ಕೂತವರೇ ಹೆಚ್ಚಿದ್ದರು.

ಆಗ ಅಮ್ಮ ಏಳುವುದನ್ನು ಕಂಡೆ.

ಮೊದಲು ಎರಡೂ ಅಂಗೈ ಕಲ್ಲಿಗೆ ಊರಿದಳು. ಒಂದು ಕಾಲು ಮುಂದಿಟ್ಟು, ಮಂಡಿಯ ಮೇಲೆ ಕೈ ಒತ್ತಿ, ಹಲ್ಲು ಕಚ್ಚಿಕೊಂಡು ಮೆಲ್ಲಗೆ ಮೇಲಕ್ಕೆ ಬಂದಳು. ಎಲ್ಲೋ ಹೊರಡುತ್ತಾಳೇನೋ, ಬಿಸಿಲಾಯಿತೇನೋ ಎಂದುಕೊಂಡು ನಾನು ಕೈ ಕೊಡಲು ಎರಡು ಹೆಜ್ಜೆ ಓಡಿಯೂಬಿಟ್ಟೆ. ಅವಳು ಸೆರಗು ಸರಿಮಾಡಿಕೊಂಡು, ನನ್ನನ್ನು ನೋಡದೆ, ನೆಟ್ಟಗೆ ನಿಂತಳು.

ಮೂಲೆ ಮನೆಯ ಅಜ್ಜಿ ನಮ್ಮಮ್ಮನನ್ನೂ ನನ್ನನ್ನೂ ನೋಡಿದಳು. ಆಮೇಲೆ ಅವಳೂ ಎದ್ದಳು. ಸ್ವಂತ ತಾಯಿಯೇ ಬೇಡ ಅಂದಮೇಲೆ ತನಗೇಕೆ ಅನ್ನಿಸಿರಬೇಕು. ಅವಳನ್ನು ನೋಡಿ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ನಾನು ಒಂದು ವಾರ ಕಾಫಿ ಕುಡಿದ ಮನೆಗಳೆಲ್ಲ ಕಣ್ಣೆದುರೇ ಎದ್ದು ನಿಂತವು. ಎಣಿಸುವ ಕೆಲಸವೇ ಬೀಳಲಿಲ್ಲ.

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅಮ್ಮ ಕೋಲಿನಲ್ಲಿ ಮುದ್ದೆ ತೊಳಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಯಾಕಮ್ಮಾ ಎಂದು ಕೇಳಿದೆ.

"ನಿಮ್ಮಣ್ಣ ಬಂದು ಕೇಳ್ದ" ಎಂದಳು. "ಮೂರ್ ದಿನ ಎಣ್ಣೆ ತಿಕ್ಕಿ ಕೇಳ್ದ. ನೀನು ಊರ್‌ನೋರ್ ಮನೆಗೆಲ್ಲ ಹೋದೆ, ನನ್ ತಾವ ಬಂದ್ಯಾ?"

"ನಿನ್ ತಾವ ಕೇಳ್ಬೇಕಾ?"

ಅಮ್ಮ ಕೋಲು ನಿಲ್ಲಿಸಲಿಲ್ಲ. "ಕೋಪ ಮಾಡ್ಕಬ್ಯಾಡ ಕಣೇ. ನೀನು ಇವತ್ತಲ್ಲ ನಾಳೆ ಇನ್ನೊಂದ್ ಮನೆಗೆ ಹೋಗೋಳು. ಅವನು ಇಲ್ಲೇ ಇರೋನು. ಚಪ್ಪಡಿ ಅವಂದಲ್ವಾ?"

ಆಟ ಹೋಯಿತೆಂದು ನಾನು ಅಳಲಿಲ್ಲ. ಆ ಮಾತಿಗೆ ಅತ್ತೆ. ಕೇಳದೇ ಇದ್ದದ್ದು ನನ್ನ ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ. ತನ್ನ ಮನೆಯ ಬಾಗಿಲನ್ನು ತಾನೇ ಹೋಗಿ ತಟ್ಟುವವರು ಯಾರಿದ್ದಾರೆ? ಅವರಿಬ್ಬರೂ ಜಗಲಿಯ ಮೇಲೆ ಕೂತು ನನ್ನನ್ನು ಮುಂದಿನ ಮನೆಗೆ ಕಳಿಸಿದರಲ್ಲ, ನಾನು ನಗುತ್ತಾ ಹೋದೆನಲ್ಲ, ಅದನ್ನು ಮರೆಯಲಾರೆ.

ನಮ್ಮ ಕ್ಲಬ್ಬು ಚದುರಿತು. ಇಬ್ಬರು ಮದುವೆಯಾಗಿ ಹೋದರು, ಉಳಿದವರು ಶಿಫ್ಟು, ಓವರ್‌ಟೈಮು ಎಂದು ಸುಮ್ಮನಾದರು. ಉದ್ದ ಪೈಪುಗಳನ್ನು ಅಣ್ಣ ಮನೆಗೆ ತಂದು ಕೊಟ್ಟಿಗೆಯ ಶೀಟಿಗೆ ಆಸರೆ ಕೊಟ್ಟಿದ್ದಾನೆ. ಅವನ ಜೊತೆ ಮಾತಾಡುತ್ತೇನೆ, ಉಪ್ಪು ಕೊಡು, ಬಾಗಿಲು ಹಾಕು, ಅಷ್ಟು. ಅವನ ಪಂದ್ಯವಿದ್ದ ದಿನ ಅಮ್ಮ ನಮ್ಮ ಚಪ್ಪಡಿಯ ಮೇಲೆ ಕೂತು ನೋಡುತ್ತಾಳೆ. ಮುಗಿದ ಮೇಲೆ ಕರೆದುಕೊಂಡು ಬರಲು ನಾನು ಹೋಗುತ್ತೇನೆ, ಚಪ್ಪಡಿಯ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ.

"ಕೈ ಕೊಡೇ" ಅನ್ನುತ್ತಾಳೆ, ಮೊದಲಿನ ಹಾಗೆಯೇ.

ಕೊಡುತ್ತೇನೆ. ಭಾರವೆಲ್ಲ ನನ್ನ ತೋಳಿನ ಮೇಲೆ ಹಾಕಿ, ಅಯ್ಯಪ್ಪಾ ಎನ್ನುತ್ತಾ ಏಳುತ್ತಾಳೆ. ಅವಳು ಒಬ್ಬಳೇ ಏಳಬಲ್ಲಳೆಂದು ಈಗ ನಮಗಿಬ್ಬರಿಗೂ ಗೊತ್ತು.